ತೊಳೆದ ಗಾಜಿನ ಮಧ್ಯಾಹ್ನ

ಉಂಡ ತಟ್ಟೆ ತೊಳೆಯಲು ನೂರು ನೆಪ ಹೇಳುವ ನಾನು, ಗಾಜಿನ ಫ್ಲಾಸ್ಕು ತೊಳೆಯಲು ಕೂತರೆ ಊಟದ ಹೊತ್ತನ್ನೂ ಮರೆಯುತ್ತೇನೆ. ಇದನ್ನು ನಾನೇ ಮೊದಲು ಒಪ್ಪಿಕೊಳ್ಳುವುದು ಮೇಲು. ನೀವು ನಂಜನಗೂಡಿನ ನಮ್ಮ ಮನೆಗೆ ಬಂದರೆ, ಕಾಫಿ ಕೊಡುವ ಮುಂಚೆಯೇ ನನ್ನ ಹೆಂಡತಿ ಈ ಸುದ್ದಿ ಹೇಳಿರುತ್ತಾಳೆ.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಮನೆಯಲ್ಲಿ ಯೀಸ್ಟ್ ಸಾಕುತ್ತೇನೆ. ಕೆಲವರು ನಾಯಿ ಸಾಕುತ್ತಾರೆ, ಕೆಲವರು ಪಾರಿವಾಳ. ನನ್ನದು ಬೊಗಳುವುದಿಲ್ಲ, ಹಾರುವುದಿಲ್ಲ, ಬರಿಗಣ್ಣಿಗೆ ಕಾಣುವುದೂ ಇಲ್ಲ. ಹಿತ್ತಲಿನ ರಸಬಾಳೆ ಹಣ್ಣಿನ ಸಿಪ್ಪೆಯಿಂದ ಹಿಡಿದು ತಂದ ಈ ಯೀಸ್ಟು ಸಕ್ಕರೆ ನೀರಿನಲ್ಲಿ ನೊರೆ ಎಬ್ಬಿಸಿ, ಭಾನುವಾರದ ಬನ್ನನ್ನು ಉಬ್ಬಿಸುತ್ತದೆ. ಬನ್ನು ತುಸು ಗಟ್ಟಿ ಎಂಬುದು ಮನೆಯವರ ಅಭಿಪ್ರಾಯ. ಆ ಮಾತಿಗೆ ನಾನಿನ್ನೂ ಕಿವಿ ಕೊಟ್ಟಿಲ್ಲ.

ಅಡುಗೆಮನೆಯ ದೋಸೆ ಹಿಟ್ಟಿಗೆ ಈ ಯಾವ ಬಿನ್ನಾಣವೂ ಬೇಡ. ಗಾಳಿಯಲ್ಲಿ ಬಂದದ್ದು, ಕೈಯಿಂದ ಇಳಿದದ್ದು, ಉದ್ದಿನ ಜೊತೆ ಸೇರಿದ್ದು ಎಲ್ಲ ಕೂಡಿ, ಬೆಳಗಾಗುವಷ್ಟರಲ್ಲಿ ಮುಚ್ಚಳವನ್ನೇ ಎತ್ತಿಬಿಟ್ಟಿರುತ್ತವೆ. ನನ್ನ ಯೀಸ್ಟಿಗೆ ಮಾತ್ರ ಒಂಟಿ ಕೋಣೆಯೇ ಬೇಕು. ಹೊರಗಿನದೊಂದು ಕಣ ಒಳಹೊಕ್ಕರೂ ಕರೀ ಬೂಷ್ಟು ಹಿಡಿದು, ಇಷ್ಟು ದಿನ ಸಾಕಿದ್ದೆಲ್ಲ ನೀರುಪಾಲು.

ಗಾಜು ತೊಳೆಯುವುದಕ್ಕೆ ಒಂದು ಲಯವಿದೆ. ಬಳಸಿದ ಕೂಡಲೇ ನೀರು ತುಂಬಿಡಬೇಕು. ಒಣಗಿ ಹಿಡಿದ ಗಸಿ ಸುಲಭಕ್ಕೆ ಬಿಡುವುದಿಲ್ಲ. ಆಮೇಲೆ ಸೋಪು ಕದಡಿದ ಬಿಸಿನೀರು, ಉದ್ದ ಹಿಡಿಯ ಬ್ರಷ್ಷು, ಮತ್ತೆ ಮತ್ತೆ ತಿಳಿನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಬಿಳಿ ಕಲೆ ಬಿಡುತ್ತದೆ. ಅದಕ್ಕೆ ನಿಂಬೆರಸ, ಕೊನೆಗೊಂದು ಸಲ ಫಿಲ್ಟರ್ ನೀರು. ಗಾಜು ಚೊಕ್ಕಟವಾಯಿತೋ ಇಲ್ಲವೋ ಎಂದು ನೀರನ್ನೇ ಕೇಳಬೇಕು. ಜಿಡ್ಡಿದ್ದರೆ ಅದು ಮುನಿಸಿಕೊಂಡು ಹನಿಹನಿಯಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ತೆಳ್ಳಗೆ ಹರಡಿ ಇಳಿದುಹೋಗುತ್ತದೆ, ಗಾಜು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ. ಅದನ್ನು ನೋಡುತ್ತಾ ಕೂತರೆ ಕಪಿಲೆ ಕಡೆಯಿಂದ ಗಾಳಿ ಬರುತ್ತದೆ, ಬೋರಲು ಹಾಕಿದ ಗಾಜಿನ ನಳಿಗೆಗಳ ಮೇಲೆ ಬಿಸಿಲು ಇಷ್ಟಿಷ್ಟೇ ಜರುಗುತ್ತದೆ, ಯೋಚಿಸೋಣವೆಂದು ಕೂತವನಿಗೆ ಯೋಚನೆಯೂ ಬೇಡವಾಗುತ್ತದೆ.

ತೊಳೆದರಷ್ಟೇ ಸಾಲದು. ಬಾಯಿಗೆ ಹತ್ತಿ ತುರುಕಿ, ಮೇಲೆ ಕಾಗದ ಕಟ್ಟಿ, ಕುಕ್ಕರಿನ ಆವಿಯಲ್ಲಿ ಬೇಯಿಸಬೇಕು. ಕುದಿಯುವ ನೀರಿಗೂ ಜಗ್ಗದ ಜೀವಿಗಳಿವೆ. ಅವು ಗಟ್ಟಿ ಚಿಪ್ಪು ಹೊದ್ದು ಮಲಗಿಬಿಡುತ್ತವೆ. ನೀರು ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತವೆ. ಕುಕ್ಕರಿನೊಳಗೆ ಒತ್ತಡ ಏರಿ ಆವಿ ನೂರು ಡಿಗ್ರಿ ದಾಟಿದರೆ ಮಾತ್ರ ಅವು ಮತ್ತೆ ಏಳುವುದಿಲ್ಲ. ಕುದಿಯುವ ನೀರಿನಲ್ಲೂ ಚಿಪ್ಪು ಹೊದ್ದು ಮಲಗುವ ಆ ನಿದ್ದೆಯ ಮೇಲೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಕುಕ್ಕರು ಒಂದೇ. ಬೇಳೆ ಬೇಯುವ ಹೊತ್ತಿಗೆ ಅದರಲ್ಲಿ ಗಾಜು ಬೇಯುತ್ತಿದ್ದು, ಎಷ್ಟೋ ಸಲ ನಾವು ಬರೀ ಮೊಸರನ್ನ ಉಂಡಿದ್ದೇವೆ.

ಇಷ್ಟೆಲ್ಲ ಪಾಡುಪಟ್ಟ ಮೇಲೆ ಗಾಜಿನ ಹತ್ತಿರ ಯಾರು ಸುಳಿದರೂ ‘ಮುಟ್ಟಬೇಡಿ’ ಎನ್ನುವುದು ನನಗೆ ಚಾಳಿಯಾಗಿಹೋಗಿದೆ. ಹೆಂಡತಿ ಇದಕ್ಕೆ ‘ಸಾಹೇಬರ ಮಡಿ’ ಎಂದು ಹೆಸರಿಟ್ಟಿದ್ದಾಳೆ. ಮಡಿ ಎಂದರೆ ನಮ್ಮ ಕೇರಿಯವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾವು ಅದನ್ನು ಹೊಸ್ತಿಲಿನ ಹೊರಗೆ ನಿಂತು ಕಲಿತವರು.

ಹೋದ ಭಾನುವಾರ ಹೆಮ್ಮಿಗೆಯಿಂದ ದೊಡ್ಡವ್ವ ಬಂದಿದ್ದಳು. ನಮ್ಮವ್ವನ ಅಕ್ಕ. ಗದ್ದೆ ನಾಟಿಯ ಕೂಲಿಯಲ್ಲಿ ನನ್ನನ್ನು ಓದಿಸಿದವಳು, ಯಾರ ಮನೆಗೆ ಹೋದರೂ ಕೈಕಟ್ಟಿ ಕೂರದ ಜೀವ. ಊಟವಾದದ್ದೇ ಸೆರಗು ಸಿಕ್ಕಿಸಿ, ನಾನು ತೊಳೆಯುತ್ತಿದ್ದ ಫ್ಲಾಸ್ಕಿಗೆ ಕೈ ಚಾಚಿದಳು.

“ಮುಟ್ಟಬ್ಯಾಡ ದೊಡ್ಡವ್ವ!”

ಚಾಳಿ ಅಂದೆನಲ್ಲ, ಬಾಯಿಂದ ಬಂದೇಬಿಟ್ಟಿತು. ಹೆಂಡತಿಯಾಗಿದ್ದರೆ ಮೂತಿ ತಿರುವಿ ಹೋಗುತ್ತಿದ್ದಳು. ದೊಡ್ಡವ್ವ ಕೈಯನ್ನು ಸರಕ್ಕನೆ ಎಳೆದುಕೊಂಡಳು. ಆ ಚುರುಕು ನೋಡಿದರೆ, ಹಾಗೆ ಎಳೆದುಕೊಳ್ಳುವುದು ಆ ಕೈಗೆ ಬಹಳ ಹಿಂದೆಯೇ ರೂಢಿಯಾಗಿದ್ದಂತಿತ್ತು. ಹಿಂದೆ ಸರಿದು ಗೋಡೆಗೆ ಒರಗಿ ನಿಂತು, “ಆಗ್ಲಿ ಕಣಪ್ಪ, ಮುಟ್ನಿಲ್ಲ ಬುಡು” ಅಂದಳು. ಮಾತಿನಲ್ಲಿ ಕೋಪವೇನೂ ಇರಲಿಲ್ಲ. ನನಗೆ ಚುಚ್ಚಿದ್ದು ಅದೇ. ಇವಳು ಹೀಗೇ ಸಂಜೆ ಬಸ್ಸು ಹತ್ತಿಬಿಟ್ಟರೆ, ಮತ್ತೆಂದು ಬಂದರೂ ನನ್ನ ಮನೆಯಲ್ಲಿ ಗೋಡೆ ಪಕ್ಕವೇ ನಿಲ್ಲುತ್ತಾಳೆ ಅನ್ನಿಸಿತು.

“ನಮ್ಗೂ ಅಂತ ಒಂದು ಗಾಜಿನ್ ಲೋಟ ಇತ್ತು ಕಣ್ಲಾ,” ಅಂದಳು, ಏನೋ ನೆನೆದು ನಗುತ್ತಾ. “ಸಂತೆಗೋದ್ರೆ ಓಟ್ಲು ಇಂದ್ಗಡೆ ಗೋಡೆ ಗೂಡಲ್ಲಿ ಮಡಗೋರು. ಟೀ ಕುಡ್ದು ನಾವೇ ತೊಳ್ದು ಬೋರ್ಲಾಕ್ಬೇಕು. ಎಸ್ಟ್ ತೊಳುದ್ರೂ ಅದು ಒಳೀಕ್ ಓಯ್ತಿರ್ನಿಲ್ಲ.”

“ಇದು ಆ ಥರ ಅಲ್ಲ ದೊಡ್ಡವ್ವ. ಯಾರ ಕೈಯಾದ್ರೂ ಒಂದೇ. ನನ್ ಕೈಲೂ ಕಣ್ಗೆ ಕಾಣದ ಹುಳ ಇರ್ತವೆ. ಸೋಪ್ ಹಾಕಿ ತೊಳ್ಕೊಂಡ್ರೆ ಆಯ್ತು, ಮುಟ್ಬೋದು.”

“ತೊಳ್ಕಂಡ್ರೆ ಆಯ್ತಾ?”

“ಆಯ್ತು.”

“ಅಸ್ಟೇಯಾ?”

“ಅಷ್ಟೇ.”

ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪ್ರಯೋಗಾಲಯದ ಮಡಿ ಎಲ್ಲರನ್ನೂ ಅನುಮಾನಿಸುತ್ತದೆ, ಎಲ್ಲರಿಗಿಂತ ಮೊದಲು ಅದನ್ನು ಮಾಡುವವನನ್ನು. ಹಾಗೆಯೇ ಒಂದು ಸೋಪಿನ ಬಿಲ್ಲೆಗೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನಾನು ನೋಟ್ಸಿನಲ್ಲಿ ಬರೆಸುತ್ತಾ ಬಂದದ್ದು ಇಷ್ಟು ದೊಡ್ಡ ಮಾತೆಂದು ನನಗೇ ತಿಳಿದಿರಲಿಲ್ಲ.

ದೊಡ್ಡವ್ವ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ಬೆರಳ ಸಂದಿ, ಉಗುರು, ಮೊಣಕೈವರೆಗೂ ನೊರೆ. ಆಮೇಲೆ ಒದ್ದೆ ಕೈಗಳೆರಡನ್ನೂ ನನ್ನ ಮುಂದೆ ಚಾಚಿ, “ನೋಡಪ್ಪ, ಆಯ್ತಾ?” ಅಂದಳು. ನಾನು ಕೈ ನೋಡಲಿಲ್ಲ. ಫಿಲ್ಟರ್ ನೀರು ತುಂಬಿದ್ದ ದುಂಡು ಹೊಟ್ಟೆಯ ಫ್ಲಾಸ್ಕನ್ನು ಆ ಕೈಗಳಲ್ಲಿಟ್ಟೆ.

ಅವಳು ಅದನ್ನು ಕಿಟಕಿಗೆ ಎತ್ತಿ ಹಿಡಿದಳು. “ಅಯ್, ಇಲ್ನೋಡ್ಲಾ! ತೆಂಗಿನ್ಮರ ತಲೆಕೆಳ್ಗಾಗ್ ನಿಂತದೆ!” ನಾನೂ ಅವಳ ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಗ್ಗಿ ನೋಡಿದೆ. ಮರ, ಕಾಂಪೌಂಡು, ಆಕಾಶ ಎಲ್ಲ ಬೋರಲು ಬಿದ್ದು ನೀರೊಳಗೆ ಮೆಲ್ಲಗೆ ತೂಗುತ್ತಿದ್ದವು. ಎಷ್ಟು ಹೊತ್ತು ನೋಡಿದೆವೋ, ಇಬ್ಬರ ಉಸಿರೂ ತಾಗಿ ಗಾಜು ಮಸುಕಾಯಿತು. ನಿಯಮದ ಪ್ರಕಾರ ಆ ಫ್ಲಾಸ್ಕನ್ನು ಮತ್ತೆ ಮೊದಲಿಂದ ತೊಳೆಯಬೇಕಿತ್ತು. ತೊಳೆದೆವು, ಇಬ್ಬರೂ.