ಮಂಗಳವಾರ ತಪ್ಪುತ್ತಿದ್ದ ಯಂತ್ರ

ಧಾರವಾಡದಲ್ಲಿ ಗಣಿತದ ಡಿಗ್ರಿ ಮುಗಿಸಿ ನಾನು ಸೇರಿದ್ದು ಗೋಕಾಕದ ಕಾಲುವೆ ಸರ್ವೆ ಆಫೀಸಿಗೆ. ಕಲ್ಲೋಳಿ, ತುಕ್ಕಾನಟ್ಟಿ ಕಡೆ ಕಾಲುವೆ ತೋಡಿದರೆ ಎಷ್ಟು ಮಣ್ಣು ಎತ್ತಬೇಕಾದೀತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅದಕ್ಕೆ ಹಿಡಿಕೆ ತಿರುಗಿಸಿ ನಡೆಸುವ ಒಂದು ಲೆಕ್ಕದ ಯಂತ್ರವಿತ್ತು. ಯಾವುದಾದ ಮೇಲೆ ಯಾವುದನ್ನು ತಿರುಗಿಸಬೇಕೆಂದು ನಾನೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ.

ಎರಡು ತಿಂಗಳಲ್ಲಿ ಮೂರು ಲೆಕ್ಕ ಬೆಳಗಾವಿಯಿಂದ ತಪ್ಪೆಂದು ವಾಪಸು ಬಂದವು. ಇನ್ನೊಂದು ಬಂದರೆ ಯಂತ್ರವನ್ನು ತಿರುಗಿ ಕಳಿಸಿ, ನನ್ನನ್ನು ಟಪಾಲಿನ ಟೇಬಲಿಗೆ ಕೂರಿಸುವುದಾಗಿ ಸಾಹೇಬರು ಮೆತ್ತಗೆ ಹೇಳಿದರು. ಟಪಾಲಿಗೆ ನಂಬರು ಹಾಕಲು ಡಿಗ್ರಿ ಬೇಕಿರಲಿಲ್ಲ.

ಎದುರು ಟೇಬಲಿನ ಹೆಡ್‌ಕ್ಲಾರ್ಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಹೆಂಗಸೆಂದು ಅವರು ನನ್ನನ್ನು ಮರ್ಯಾದೆಯಿಂದ ‘ಬಾಯಾರ’ ಎಂದು ಕರೆಯುತ್ತಿದ್ದರು.

"ಏನ್ರಿ ಬಾಯಾರ, ತಪ್ಪು ಯಂತ್ರದ್ದೋ, ನಿಮ್ಮದೋ?"

"ನೋಡಾಕತ್ತೇನ್ರಿ ಕಾಕಾ."

"ಯಂತ್ರ ಸಾಲಿ ಕಲತಿಲ್ಲ ಬಿಡ್ರಿ. ಕಲತವರು ತಪ್ಪಿದ್ರ ಅದಕ್ಕೊಂದು ಶೋಭಾ ಇರತೈತಿ."

ಹಾಳೆಯಲ್ಲಿ ತಪ್ಪಿದ್ದರೆ ಎಷ್ಟು ಸಲ ಮಾಡಿದರೂ ಅದೇ ತಪ್ಪು ಬರಬೇಕು. ಯಂತ್ರದಲ್ಲಿದ್ದರೆ ಒಮ್ಮೆ ಬಂದು ಒಮ್ಮೆ ಬಾರದಿರಬಹುದು. ಹಾಗೆಂದುಕೊಂಡು ದಿನವೂ ಬೆಳಿಗ್ಗೆ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಒಂದು ಕೂಡಿಸಿ, ಹತ್ತು ಸಲ ತಿರುಗಿಸಿ ನೋಡತೊಡಗಿದೆ. ಬುಧವಾರದಿಂದ ಸೋಮವಾರದವರೆಗೆ ಪ್ರತಿ ಸಲವೂ ಲಕ್ಷ ಬಂತು. ಮಂಗಳವಾರ ಮಾತ್ರ ಮೂರು ಸಲ, ಕೈಯಲ್ಲಿದ್ದ ಒಂದು ಮುಂದಿನ ಗಾಲಿಗೆ ದಾಟದೆ, ತೊಂಬತ್ತು ಸಾವಿರಕ್ಕೇ ನಿಂತಿತು. ಮುಂದಿನ ಮಂಗಳವಾರವೂ ಹಾಗೇ.

"ಮಂಗಳವಾರ ಅದಕ್ಕ ಉಪವಾಸ ಇರಬೇಕ್ರಿ," ಎಂದರು ಕಾಕಾ. "ಕೈಯಾಗ ಶಕ್ತಿ ಇರೂದಿಲ್ಲ."

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಯಂತ್ರಕ್ಕೆ ಪೂಜೆ ಮಾಡುತ್ತಿದ್ದವರು ಅವರೇ. ಹೂವು ಏರಿಸಿ, ಮೇಲೆ ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಎರಚುತ್ತಿದ್ದರು. ನಾನು ಮುಚ್ಚಳ ಬಿಚ್ಚಿದೆ. ಹಲ್ಲಿನ ಗಾಲಿಗಳ ಸಂದಿಯಲ್ಲಿ ಎಣ್ಣೆಗೆ ಅಂಟಿಕೊಂಡ ಅರಿಶಿನ. ಸಂಜೆಯೊಳಗೆ ತಿರುಗಿ ತಿರುಗಿ ಅದು ಸರಿದುಹೋಗುತ್ತಿತ್ತು, ಅಷ್ಟೆ.

ಕಾಕಾ ಬಗ್ಗಿ ನೋಡಿದರು.

"ಸಾಹೇಬರಿಗೆ ಏನಂತ ಬರೀತೀರಿ?"

"ಒಳಗ ಪುಡಿ ಸಿಕ್ಕಿತ್ತು ಅಂತ."

"ಎಂಥಾ ಪುಡಿ ಅಂತ ಕೇಳಿದ್ರ?"

"ಬಣ್ಣ ಬರಿಯೂದಿಲ್ರಿ."

ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಗಾಲಿಗಳನ್ನು ತೊಳೆದೆ. ವಾಪಸು ಬಂದ ಮೂರೂ ಲೆಕ್ಕಗಳನ್ನು ಮತ್ತೆ ಹಾಕಿದೆ. ಮಂಗಳವಾರ ಹಾಕಿದ್ದ ಎರಡು ಬೆಳಗಾವಿಯ ಅಂಕಿಗೆ ಸರಿಹೊಂದಿದವು. ತುಕ್ಕಾನಟ್ಟಿಯದು ಮಾತ್ರ ತಪ್ಪೇ ಬಂತು. ಐದು ಸಲ ಹಾಕಿದರೂ ಅದೇ ತಪ್ಪು, ಅದೇ ಅಂಕಿ. ಅಷ್ಟು ನಿಯತ್ತು ಯಂತ್ರಕ್ಕಿರುವುದಿಲ್ಲ. ಅಲ್ಲೊಂದು ಕಡೆ ಮಣ್ಣು ತೋಡುವ ಬದಲು ತುಂಬಬೇಕಿತ್ತು, ಅದನ್ನು ಕಳೆಯಬೇಕು. ಕಳೆಯುವ ಮುಂಚೆ ಯಂತ್ರದ ಮೇಲಿನ ಸಾಲಿನ ಅಂಕಿಗಳನ್ನು ಸೊನ್ನೆಗೆ ತರಬೇಕೆಂದು ನನ್ನ ಹಾಳೆಯಲ್ಲಿ ಬರೆದೇ ಇರಲಿಲ್ಲ.

ಕಾಕಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಇದರ ಬಣ್ಣನೂ ಬರಿಯೂದಿಲ್ಲೇನ್ರಿ?"

"ಇದು ನನ್ನದ್ರಿ. ಬರೀಬೇಕಾಗತೈತಿ."

ಯಂತ್ರದ ತಪ್ಪು ಎರಡು, ನನ್ನದು ಒಂದು ಎಂದು ಬರೆದುಕೊಟ್ಟೆ. ಸಾಹೇಬರು ಎರಡು ಸಲ ಓದಿದರು. ಯಂತ್ರ ಇಲ್ಲೇ ಇರಲಿ, ನೀವೂ ಇಲ್ಲೇ ಇರ್ರಿ ಎಂದರು.

ಮುಂದಿನ ಮಂಗಳವಾರ ಹೋದಾಗ ಯಂತ್ರ ಬಟ್ಟೆ ಹೊದ್ದು ಕೂತಿತ್ತು. ತಿದ್ದಿದ ನನ್ನ ಹಾಳೆಯ ಮೇಲೆ ಒಂದು ಹೂವು, ಚಿಟಿಕೆ ಭಂಡಾರ.

"ಇದಕ್ಕ ಸಂದಿ ಇಲ್ರಿ ಬಾಯಾರ, ಒಳಗ ಹೋಗೂದಿಲ್ಲ," ಎಂದರು ಕಾಕಾ, ರಿಜಿಸ್ಟರಿನಿಂದ ತಲೆ ಎತ್ತದೆ. "ಮತ್ತ, ತಪ್ಪಂತೂ ಇದೂ ಮಾಡತೈತಿ."