ಹೊಂಗೆ ಮರಕ್ಕೆ ಕಟ್ಟಿದ ಬಿಲ್ಲೆ

ಅತ್ತಿಗೆ, ಆ ದಿನ ನಿಮ್ಮ ಎದೆ ಮೇಲಿನಿಂದ ತೆಗೆಸಿಕೊಂಡ ಬಿಲ್ಲೆಯನ್ನು ನಾನು ಶೆಡ್ಡಿನ ಗೋಡೆಗೆ ಹಾಕಲಿಲ್ಲ. ಹಿತ್ತಲಿನ ಹೊಂಗೆ ಮರಕ್ಕೆ ಕಟ್ಟಿದೆ. ಸಂಜೆವರೆಗೆ ಅದು ಬೆಟ್ಟದ ಗಾಳಿ ಕುಡಿಯಿತು. ನೀವು ಒಳಗೆ ಕೂತು ಮದ್ದಿನ ಆವಿ ಕುಡಿದಿರಿ.

ಇದನ್ನು ಬಾಯಲ್ಲೇ ಹೇಳೋಣವೆಂದು ಎಷ್ಟೋ ಸಲ ನಿಮ್ಮ ಜಗಲಿವರೆಗೆ ಬಂದೆ — ಬಂದು, ಎಲೆಕೋಸಿನ ಬೆಳೆ ಮಾತಾಡಿ ಎದ್ದು ಹೋದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬರೆಯುವುದು ಗುದ್ದಲಿ ಹಿಡಿದಷ್ಟು ಸಲೀಸಲ್ಲ.

ತಾಳವಾಡಿಯ ಹೊರಗೆ ಆ ಶೆಡ್ಡು ಎಬ್ಬಿಸಿದವನು ನಾನು. ತಿರುಪ್ಪೂರಿನಿಂದ ದಿಂಬಂ ಘಾಟಿ ಹತ್ತಿ ಬನಿಯನ್ನುಗಳು ಬರುತ್ತಿದ್ದವು. ಮೆಷಿನ್ನಿನ ಎಣ್ಣೆ ತಾಗಿದ ಕಡೆ ಸ್ಪ್ರೇ ಗನ್ನಿನಿಂದ ಮದ್ದು ಹೊಡೆದು ಕಲೆ ತೆಗೆಯುವುದು ಕೆಲಸ. ಸಿಹಿ ವಾಸನೆಯ ಮದ್ದು, ಹೊಡೆದ ಗಳಿಗೆಗೇ ಆರಿಹೋಗುವಂಥದ್ದು. ನಮ್ಮ ಹೆಂಗಸರು ಘಾಟಿ ಇಳಿಯಬೇಕಾಗಿಲ್ಲ, ಕೆಲಸವನ್ನೇ ಮೇಲಕ್ಕೆ ತಂದೆ ಎಂದು ಎದೆಯುಬ್ಬಿಸಿ ತಿರುಗುತ್ತಿದ್ದೆ. ಅಣ್ಣ ತೀರಿಹೋದ ಮೇಲೆ ನಿಮ್ಮನ್ನೂ ಕರೆತಂದು ಕೂರಿಸಿದೆ.

ನಿಮಗೆಲ್ಲ ತಲೆನೋವು, ಬೆರಳು ಜುಮ್ಮೆನ್ನುವುದು ಶುರುವಾಗಿತ್ತು. ನನಗೆ ಗೊತ್ತಿತ್ತು. ಅಷ್ಟರಲ್ಲಿ ಬಟ್ಟೆ ಕೊಳ್ಳುವವರ ಕಡೆಯಿಂದ ಒಬ್ಬ ಹುಡುಗಿ ಬಂದಳು — ಮದ್ದಿನಿಂದ ಮೈಗೆ ಎಷ್ಟು ಅಪಾಯ ಎಂದು ಅಳೆಯಲು. ಹೆಚ್ಚು ಹೊತ್ತು ಗನ್ನು ಹಿಡಿಯುವವರು ನೀವೆಂದು ನಿಮ್ಮ ಸೆರಗಿಗೇ ಬಿಲ್ಲೆ ಸಿಕ್ಕಿಸಿದಳು. ಉಸಿರಿಗೆ ಸಿಗುವ ಮದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಸಂಜೆವರೆಗೆ ಅಲ್ಲೇ ಇರಲಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಹೆಚ್ಚು ಕಂಡರೆ, ಗಾಳಿ ಎಳೆಯುವ ಫ್ಯಾನು ಕೂರಿಸುವವರೆಗೆ ಶೆಡ್ಡು ಮುಚ್ಚಬೇಕು. ಇದರಿಂದ ಏನೂ ಆಗುವುದಿಲ್ಲವೆಂದು ನಾನು ಅವಳೆದುರೇ ಮದ್ದಿನಲ್ಲಿ ಕೈ ತೊಳೆದು ತೋರಿಸಿದೆ. "ಇನ್ನು ಹಾಗೆ ಮಾಡಬೇಡಿ" ಎಂದಳು, ಅಷ್ಟೆ. ನನ್ನ ಶೆಡ್ಡಿನಲ್ಲಿ ನಿಂತು ನನಗೇ —

ಸಂಜೆ ಬರುತ್ತೇನೆಂದು ಅವಳು ಹಾಸನೂರಿಗೆ ಹೋದಳು. ಪಕ್ಕದ ಮೇಜಿನ ಸಿದ್ದಮ್ಮ ನಕ್ಕಳು: "ಅಕ್ಕನ್ಗೆ ಪದ್ಕ ಬಂತು ಕಣ್ರಮ್ಮಿ. ಇನ್ ನಮ್ಮುನ್ನ ಮಾತಾಡ್ಸಕಿಲ್ಲ."

"ಬುಡಮ್ಮಿ, ಎಮ್ಮೆಗ್ ಕಟ್ಟೋ ಗಂಟೆ ಇದು" ಎಂದಿರಿ ನೀವು.

ಆಗ ನಾನು ಬಂದೆ. "ಅತ್ಗೆ, ಲಿಂಗ ಇರೋ ಎದೆ ಮ್ಯಾಲೆ ಕಂಡೋರ್ ಮುಟ್ಟಿದ್ ಬಿಲ್ಲೆ ಯಾಕೆ? ಕೊಡಿ, ಗ್ವಾಡೆಗ್ ಆಕ್ತೀನಿ. ಅಳ್ಯೋದು ಶೆಡ್ಡಿನ್ ಗಾಳಿನ ತಾನೆ."

ನೀವು ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡು ಬಿಲ್ಲೆ ಬಿಚ್ಚಿಕೊಟ್ಟಿರಿ. "ನೀನಾದ್ರೂ ನೆಪ್ ಮಡಿಕಂಡಿದ್ದೀಯಲ್ಲ ಮಾದೇವಪ್ಪ."

ಬನಿಯನ್ನು ಕಳಿಸುತ್ತಿದ್ದ ತಿರುಪ್ಪೂರಿನ ಮುದಲಾಳಿ ಹೇಳಿಕೊಟ್ಟದ್ದಲ್ಲ ಇದು. ಯಾರೂ ಹೇಳಿಕೊಡಲಿಲ್ಲ. ನಿಮ್ಮ ಭಕ್ತಿಯನ್ನೇ ಹಿಡಿಕೆ ಮಾಡಿಕೊಂಡ ಬುದ್ಧಿ ನನ್ನ ಸ್ವಂತದ್ದು.

ಸಂಜೆ ಬಿಲ್ಲೆಯನ್ನು ಮತ್ತೆ ನಿಮ್ಮ ಕೈಗೆ ಕೊಟ್ಟೆ. ದಿನವೆಲ್ಲ ಹಾಕಿದ್ದಿರಾ ಎಂದು ಆ ಹುಡುಗಿ ತಮಿಳಿನಲ್ಲಿ ಕೇಳಿದಾಗ, ನೀವು ಬಾಯಿ ತೆರೆಯುವ ಮೊದಲೇ ನಾನು ಹೂಂ ಎಂದೆ. ನೀವು ನೆಲ ನೋಡಿದಿರಿ. ಕೆಲವು ದಿನ ಕಳೆದು, ಅಪಾಯವಿಲ್ಲ ಎಂದು ವರದಿ ಬಂತು. ಫ್ಯಾನು ಬರಲಿಲ್ಲ. ಎಲ್ಲರಿಗೂ ಬೋಂಡಾ ತರಿಸಿದೆ. ಎಂಥ ಬೋಂಡಾ ಅದು —

ಈಗ ಶೆಡ್ಡೂ ಇಲ್ಲ. ನಿಮ್ಮ ಬೆರಳಿಗೆ ಬಿಸಿ ತಣ್ಣಗಿನ ಗುರುತೂ ಇಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಚಾಮರಾಜನಗರದ ಡಾಕ್ಟರು ಕೇಳಿದಾಗ ನೀವೇ ಹೇಳಿದಿರಿ: "ಅದ್ರಿಂದಲ್ಲ ಸಾ. ಅಲ್ಲಿ ಅಳ್ದು ನೋಡಿ ಏನೂ ಇಲ್ಲ ಅಂದವ್ರೆ." ನಾನು ಪಕ್ಕದಲ್ಲೇ ಕೂತಿದ್ದೆ. ಡಾಕ್ಟರು ಆ ಮಾತು ಬಿಟ್ಟು ಸಕ್ಕರೆ ಕಾಯಿಲೆ ಹುಡುಕಿದರು, ಇನ್ನೇನೋ ಹುಡುಕಿದರು. ಇನ್ನೂ ಹುಡುಕುತ್ತಿದ್ದಾರೆ. ನನ್ನ ಸುಳ್ಳು ನಿಮ್ಮ ಬಾಯಿಂದ ಬಂತಲ್ಲ ಅತ್ತಿಗೆ, ಅಷ್ಟು ಸತ್ಯವಾಗಿ.

ಮುಂದಿನ ಸಲ ಡಾಕ್ಟರ ಮುಂದೆ ನಾನು ಮಾತಾಡುತ್ತೇನೆ. ಸಿದ್ದಮ್ಮನ ಮನೆಗೂ ಹೋಗಿ ಹೇಳುತ್ತೇನೆ. ನೀವು ನನ್ನನ್ನು ಜಗಲಿ ಹತ್ತಿಸದಿದ್ದರೂ ಸರಿ.

ಕಣ್ಣು ಮುಚ್ಚಿ ಪೂಜೆಗೆ ಕೂರುತ್ತಿದ್ದವರು ನೀವು. ಲಿಂಗ ಎಡಗೈಯಲ್ಲಿದೆಯೋ ಇಲ್ಲವೋ ಅಂಗೈಗೆ ತಿಳಿಯುವುದಿಲ್ಲವೆಂದು ಈಗ ಅದರಿಂದ ಕಣ್ಣು ತೆಗೆಯುವುದೇ ಇಲ್ಲ. ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿದ್ದ ನನ್ನನ್ನು ಒಳಗೆ ಕರೆದಿರಿ: "ಮಾದೇವಪ್ಪ, ಒಸಿ ಕಣ್ ಮುಚ್ಕತೀನಿ. ಬೀಳ್ದಂಗೆ ನೋಡ್ಕ."

ನಿಮ್ಮ ಅಂಗೈ ಕೆಳಗೆ ನನ್ನ ಅಂಗೈ ಒಡ್ಡಿ ಕೂತೆ. ನೀವು ನಂಬಿ ಕಣ್ಣು ಮುಚ್ಚಿದಿರಿ.