ನಲವತ್ತನೆಯ ಮಿಲಿಸೆಕೆಂಡಿನ ಸೊಳ್ಳೆ

ದಾರಿಯಲ್ಲಿ ಇರುವೆ ಸಾಲು ಕಂಡರೆ ಧನ್ಯಕುಮಾರ ಸ್ಕೂಟರಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಾನೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಹಿಂದಿನ ಸೀಟಿನಲ್ಲಿ ಕೂತವನು ನಾನು, ನಾನೂ ಇಳಿಯಬೇಕು.

ನಾನು ಉಳವಪ್ಪ. ಬೆಳಗಾವಿಯ ಆಟೋ ನಗರದಲ್ಲಿ ಅವನದೊಂದು ಶೆಡ್ಡಿದೆ. ಅಲ್ಲಿ ನಾವಿಬ್ಬರೇ ಇಪ್ಪತ್ತೆರಡು ವರ್ಷಗಳಿಂದ ಟ್ರಾನ್ಸ್‌ಫಾರ್ಮರ್ ಸುತ್ತುತ್ತ ಬಂದಿದ್ದೇವೆ. ಅವನದು ಲೆಕ್ಕ, ನನ್ನದು ತಾಮ್ರದ ತಂತಿ. ಮೊದಲು ಡಬ್ಬದಂಥ ದಪ್ಪ ಟಿವಿಗಳಿಗೆ ಸುತ್ತಿದೆವು, ಆ ಟಿವಿಗಳೇ ಇಲ್ಲವಾದವು. ಆಮೇಲೆ ಚಾರ್ಜರುಗಳಿಗೆ ಸುತ್ತಿದೆವು, ಚೀನಾದವರು ನಮಗಿಂತ ಅಗ್ಗವಾಗಿ ಸುತ್ತಿದರು. ಈ ಸಲದ ಮಳೆಗಾಲದ ಹೊತ್ತಿಗೆ ನಾನು ತಂತಿ ಸುತ್ತುವ ಬಾಬಿನ್‌ಗಳನ್ನು ಖಾಲಿಯೇ ಒರೆಸಿ ಒರೆಸಿ ಇಡುತ್ತಿದ್ದೆ.

ಆಗ ಖಾನಾಪುರದಿಂದ ಗುರುಪುತ್ರಪ್ಪ ಬಂದರು. ಹೋಟೆಲು, ಮಿಠಾಯಿ ಅಂಗಡಿಗಳಿಗೆ ಹುಳು ಕೊಲ್ಲುವ ದೀಪ ಮಾಡುವವರು. ನಡುವೆ ನೀಲಿ ದೀಪ, ಸುತ್ತ ತಂತಿಬಲೆ. ಬೆಳಕಿಗೆ ಬಂದ ಹುಳು ಬಲೆಗೆ ತಾಗಿ ಚಟ್ ಎನ್ನಬೇಕು. ಆ ಬಲೆಗೆ ಎರಡು ಸಾವಿರ ವೋಲ್ಟ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ನಮ್ಮಿಂದ ಬೇಕು, ವರ್ಷವಿಡೀ ಬೇಕು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷ. ಧನ್ಯಕುಮಾರನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅವನು ಜೈನ, ಅದರಲ್ಲೂ ವ್ರತ ಹಿಡಿದವನು. ಬೇಕೆಂದು ಯಾವ ಜೀವವನ್ನೂ ಕೊಲ್ಲುವುದಿಲ್ಲ ಎಂದು ಬಸದಿಯಲ್ಲಿ ತಾಯಿಯ ಎದುರು ಮಾತು ಕೊಟ್ಟಿದ್ದಾನೆ. ನಮ್ಮ ಲಿಂಗವಂತರ ಮನೆಯೊಳಗೂ ಮಾಂಸ ಬರುವುದಿಲ್ಲ, ಆದರೆ ಸೊಳ್ಳೆಯ ವಿಷಯದಲ್ಲಿ ನನ್ನ ಅಂಗೈಗೆ ಯಾವ ವ್ರತವೂ ಇಲ್ಲ.

ಎರಡು ದಿನ ವಾದ ನಡೆಯಿತು. ನಾವು ತಂತಿ ಸುತ್ತುವವರು, ಬಲೆ ಅವರದು, ಹುಳುವನ್ನು ಯಾರೂ ಕರೆದಿಲ್ಲ ಎಂದೆ. ಕೊನೆಗೆ ಅವನೇ ಒಂದು ನಡುದಾರಿ ಹುಡುಕಿದ. ಮೊದಲು ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬರೆದು ಓಡಿಸಿ ನೋಡೋಣ, ಅಲ್ಲಿ ಸಾಯುವುದಕ್ಕೆ ಯಾರೂ ಇಲ್ಲ, ಮಿಕ್ಕದ್ದು ಆಮೇಲೆ ಎಂದ.

ಫ್ಲೈಬ್ಯಾಕಿನ ಕೆಲಸ ಇಷ್ಟೇ. ಟ್ರಾನ್ಸಿಸ್ಟರ್ ಎಂಬ ಸ್ವಿಚ್ ಕೂಡಿದಾಗ ಮೊದಲ ಸುರುಳಿ ಶಕ್ತಿ ತುಂಬಿಕೊಳ್ಳುತ್ತದೆ, ಬಿಟ್ಟಾಗ ಎರಡನೆಯ ಸುರುಳಿ ಅದನ್ನು ಹೊರಗೆ ಒಗೆಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಇದೇ ಕೆಲಸ. ಕಂಪ್ಯೂಟರಿನಲ್ಲಿ ಎರಡೂ ಸುರುಳಿ ಬರೆದು, ಅವೆರಡರ ನಂಟು ಎಷ್ಟು ಗಟ್ಟಿ ಎಂಬ ಅಂಕಿ ಕೊಡಬೇಕು. ಹೊಸಬರು ಒಂದು ಎಂದು ಕೊಡುತ್ತಾರೆ, ಅಂದರೆ ಚೂರೂ ಸೋರಿಕೆ ಇಲ್ಲ ಎಂದರ್ಥ. ನನ್ನ ಸುತ್ತುವಿಕೆಯನ್ನು ಬಲ್ಲ ಧನ್ಯಕುಮಾರ 0.97 ಎಂದು ಕೊಟ್ಟ. ನನಗೆ ಅವಮಾನವಾಯಿತು, ಆದರೆ ಅಂಕಿ ಸರಿಯಿತ್ತು.

ಉಳಿದದ್ದು ಸೊಳ್ಳೆ. ಟ್ರಾನ್ಸಿಸ್ಟರ್ ಸುಡುತ್ತದೋ ಉಳಿಯುತ್ತದೋ ಎನ್ನುವುದು ಬಲೆಗೆ ಹುಳು ತಾಗಿದಾಗಲೇ ಗೊತ್ತಾಗುವುದು. ಆದ್ದರಿಂದ ಸೊಳ್ಳೆಯನ್ನೂ ಬರೆಯಬೇಕು. ಸೊಳ್ಳೆಯೆಂದರೆ ಕರೆಂಟಿಗೆ ಅಡ್ಡ ನಿಲ್ಲುವ ಒಂದು ರೆಸಿಸ್ಟರು, ಪಕ್ಕದಲ್ಲೊಂದು ಸ್ವಿಚ್ಚು. ನಲವತ್ತನೆಯ ಮಿಲಿಸೆಕೆಂಡಿಗೆ ಆ ಸ್ವಿಚ್ ಕೂಡಿಕೊಂಡರೆ ಸೊಳ್ಳೆ ಬಲೆಯ ಮೇಲೆ ಕೂತಿತು, ಮತ್ತೆ ಬಿಟ್ಟುಕೊಂಡರೆ ಸುಟ್ಟುಹೋಯಿತು ಎಂದು ಲೆಕ್ಕ. ಉಳಿದ ರೆಸಿಸ್ಟರುಗಳಿಗೆಲ್ಲ ಆರ್ ಒಂದು, ಆರ್ ಎರಡು ಎಂದು ಹೆಸರಿಟ್ಟವನು ಇದಕ್ಕೆ ಮಾತ್ರ ‘ಜೀವ’ ಎಂದು ಬರೆದ. ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು.

ನಾಲ್ಕು ದಿನ ಓಡಿಸಿದ. ಪ್ರತಿ ಸಲವೂ ಪರದೆಯ ಮೇಲೆ ವೋಲ್ಟಿನ ಗೆರೆ ನೆಟ್ಟಗೆ ಎರಡು ಸಾವಿರ ವೋಲ್ಟಿಗೆ ಏರಿ ನಿಲ್ಲುತ್ತಿತ್ತು. ಸೊಳ್ಳೆ ತಾಗಿದ ಗುರುತು ಮಾತ್ರ ಎಲ್ಲೂ ಇಲ್ಲ. ಐದನೆಯ ದಿನ ಸಂಜೆ ನಾನು ಕನ್ನಡಕ ಏರಿಸಿಕೊಂಡು ಪರದೆಯ ಮೂಲೆ ನೋಡಿದೆ. ಓಟ ನಿಲ್ಲುವ ಸಮಯ ಮೂವತ್ತೆಂಟು ಮಿಲಿಸೆಕೆಂಡು ಎಂದಿತ್ತು. ಮಹಾನುಭಾವ, ಸೊಳ್ಳೆ ಕೂರುವುದಕ್ಕೆ ಎರಡು ಮಿಲಿಸೆಕೆಂಡು ಮೊದಲೇ ಲೋಕವನ್ನೇ ನಿಲ್ಲಿಸಿಬಿಡುತ್ತಿದ್ದ. ನಾಲ್ಕು ದಿನದಿಂದ ಅದು ಗಾಳಿಯಲ್ಲೇ ಇತ್ತು.

ನನಗೆ ತಲೆ ಕೆಟ್ಟಿತು. ಕೀಬೋರ್ಡ್ ಎಳೆದುಕೊಂಡು ಮೂವತ್ತೆಂಟನ್ನು ಅರವತ್ತು ಮಾಡಿ ಓಡಿಸಿಯೇಬಿಟ್ಟೆ. ಅವನು ತಡೆಯಲಿಲ್ಲ. ನಲವತ್ತಕ್ಕೆ ಗೆರೆ ಧಡಕ್ಕನೆ ಕುಸಿಯಿತು. ಟ್ರಾನ್ಸಿಸ್ಟರಿನ ಕರೆಂಟು ಮೆಟ್ಟಿಲು ಮೆಟ್ಟಿಲಾಗಿ ಏರಿತು, ಇನ್ನೇನು ಸುಟ್ಟಿತು ಎನ್ನುವಷ್ಟರಲ್ಲಿ ನಿಂತಿತು. ಹುಳು ಸುಟ್ಟು ಸ್ವಿಚ್ ಬಿಟ್ಟುಕೊಂಡಿತು, ವೋಲ್ಟು ಮತ್ತೆ ಮೇಲಕ್ಕೆ ಬಂತು. ಟ್ರಾನ್ಸಿಸ್ಟರಿಗೆ ಏನೂ ಆಗಿರಲಿಲ್ಲ. ಧನ್ಯಕುಮಾರ ಮೇಜು ಗುದ್ದಿ ನನ್ನ ಬೆನ್ನು ತಟ್ಟಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು.

ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆ ಅವರದು. ಮಹಾಂತೇಶ ನಗರದ ಅವನ ಮನೆಗೆ ಇಬ್ಬರೂ ಹೋದೆವು. ಅವನ ತಾಯಿ ಜಿನಮತಿ ಇಬ್ಬರಿಗೂ ತಾಟು ಹಾಕಿದರು. ಧನ್ಯಕುಮಾರ ತಾಟು ಮುಟ್ಟದೆ ಕೂತ. ಯಾಕೆಂದು ಕೇಳಿದಾಗ ಮೂವತ್ತೆಂಟು, ನಲವತ್ತು, ಅರವತ್ತು ಎಲ್ಲವನ್ನೂ ಬಿಡಿಸಿ ಹೇಳಿದ. ನಾನು ನಡುವೆ ಬಾಯಿ ಹಾಕಿ, ಸತ್ತದ್ದು ಒಂದು ಗೆರೆ, ಬಟನ್ ಒತ್ತಿದವನು ನಾನು, ಪಾಪವೇನಾದರೂ ಇದ್ದರೆ ನನ್ನ ಮೇಲೆ ಹಾಕಿ ಅವನು ಉಣ್ಣಲಿ ಎಂದೆ. ಎಂಬತ್ತು ದಾಟಿದ ಮುದುಕಿ ನನ್ನ ಕಡೆ ತಿರುಗಲೂ ಇಲ್ಲ.

“ಅದು ಸತ್ತಾಗ ನಿನಗ ಏನ ಅನಿಸ್ತು?” ಎಂದು ಮಗನನ್ನು ಕೇಳಿದರು.

ಅವನು ತಾಟನ್ನು ತುಸು ಆಚೆ ಸರಿಸಿದ.

“ಖುಷಿ ಆತವ್ವ. ಭಾಳ ಖುಷಿ ಆತು.”

ಜಿನಮತಿ ಬಯ್ಯಲಿಲ್ಲ. ಅವನ ತಾಟು ತೆಗೆದು ಒಳಗಿಟ್ಟು ಬಂದು ನನಗೆ ಬಡಿಸಿದರು. ನಾನು ಹಸಿದಿದ್ದೆ, ಆದರೂ ತಾಟಿನಲ್ಲಿ ಅರ್ಧ ಬಿಟ್ಟು ಎದ್ದೆ. ಖುಷಿ ನನಗೂ ಆಗಿತ್ತು, ಅವನಿಗಿಂತ ಹೆಚ್ಚೇ ಆಗಿತ್ತು.

ಮರುದಿನ ಒಂದು ರೆಸಿಸ್ಟರಿನ ಸಲುವಾಗಿ ಉಪವಾಸವಿದ್ದ ಮನುಷ್ಯ ಶೆಡ್ಡಿಗೆ ಬಂದು, ಖಾನಾಪುರಕ್ಕೆ ಫೋನು ಮಾಡಿ ಆಗುವುದಿಲ್ಲ ಎಂದು ತಿಳಿಸಲು ನನಗೆ ಹೇಳಿದ. ತಾನೇ ಮಾಡಲು ಅವನಿಗೆ ನಾಚಿಕೆ. ನಾನು ಅರ್ಧ ದಿನ ಬಯ್ದೆ. ವ್ರತ ನಿನ್ನದು, ಖಾಲಿ ಬಾಬಿನ್ ಒರೆಸುವ ಕರ್ಮ ನನ್ನದೇನು ಎಂದು ಕೇಳಿದೆ. ಅವನೇ ಒಂದು ಬಾಬಿನ್ ಎತ್ತಿಕೊಂಡು ಒರೆಸತೊಡಗಿದ, ನನಗೆ ಬಯ್ಯುವ ಹುರುಪು ಇಳಿಯಿತು. ಫೋನು ಮಾಡಿದೆ.

“ಯಾಕ್ರಿ, ಸರ್ಕ್ಯೂಟ್ ಫೇಲ್ ಆತೇನ್ರಿ?” ಎಂದರು ಗುರುಪುತ್ರಪ್ಪ.

“ಇಲ್ರಿ ಸಾವ್ಕಾರ್ರ, ಛಲೋನ ಕೊಲ್ಲತೈತ್ರಿ,” ಎಂದೆ. “ಅದಕ್ಕ ಬ್ಯಾಡಂತೀವ್ರಿ.”